ಅರ್ಜಿ ಹಾಕೋದು ಕೊನೆಯ ಕೆಲಸ: ಕಾಲೇಜು ಸ್ಕಾಲರ್‌ಶಿಪ್‌ಗೆ ಮನೆಯಲ್ಲೇ ಮಾಡಿಕೊಳ್ಳುವ ತಯಾರಿ

ಪ್ರತಿ ವರ್ಷ ನಮ್ಮ ಕಾಲೇಜಿನಲ್ಲಿ ಒಂದು ಟೇಬಲ್ ನನ್ನ ಪಾಲಿಗೆ ಬರುತ್ತದೆ. ಸ್ಕಾಲರ್‌ಶಿಪ್ ಟೇಬಲ್. ಅದರ ಮುಂದೆ ಸಾಲು ಹತ್ತುವುದು ಕೊನೆಯ ದಿನಾಂಕಕ್ಕೆ ಮೂರು ದಿನ ಇರುವಾಗ. ಅವತ್ತೇ ಸರ್ವರ್ ಮಲಗುತ್ತದೆ, ಅವತ್ತೇ ಅಪ್ಪನ ಮೊಬೈಲಿಗೆ ಓಟಿಪಿ ಹೋಗುತ್ತದೆ, ಅಪ್ಪ ಹೊಲದಲ್ಲಿರುತ್ತಾರೆ.

ಈ ಟೇಬಲ್ ಹಿಂದೆ ಕೂತು ನನಗೆ ಗೊತ್ತಾದದ್ದು ಇಷ್ಟು. ಅರ್ಜಿ ತುಂಬುವುದು ಅರ್ಧ ಗಂಟೆಯ ಕೆಲಸ. ಹಣ ತಪ್ಪಿ ಹೋಗುವುದು ಅಲ್ಲಿ ಅಲ್ಲ. ಹೆಸರಿನ ಒಂದು ಅಕ್ಷರದಲ್ಲಿ, ಹಳೆಯ ಆದಾಯ ಪತ್ರದಲ್ಲಿ, ಯಾವುದೋ ಬ್ಯಾಂಕಿಗೆ ಅಂಟಿಕೊಂಡ ಆಧಾರ್‌ನಲ್ಲಿ. ಈ ಮೂರನ್ನೂ ಪಿಯುಸಿ ಫಲಿತಾಂಶ ಬರುವ ಮೊದಲೇ, ರಜೆಯಲ್ಲಿ ಸರಿ ಮಾಡಿಕೊಳ್ಳಬಹುದು. ಆದ್ದರಿಂದ ಈ ಲೇಖನದಲ್ಲಿ ಅರ್ಜಿ ತಡವಾಗಿಯೇ ಬರುತ್ತದೆ.

ಮೊದಲು ಹೆಸರು

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್. ಮೂರನ್ನೂ ಚಾಪೆಯ ಮೇಲೆ ಪಕ್ಕ ಪಕ್ಕ ಇಡಿ. ಇಂಗ್ಲಿಷ್ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರಬಹುದು. ನಮ್ಮ ಟೇಬಲ್‌ಗೆ ಬರುವ ಲಕ್ಷ್ಮಿಯರದ್ದೇ ಒಂದು ಕತೆ. ಶಾಲೆಯಲ್ಲಿ 'ಎಕ್ಸ್' ಹಾಕಿ ಬರೆದಿರುತ್ತಾರೆ, ಆಧಾರ್‌ನಲ್ಲಿ 'ಕೆ, ಎಸ್, ಎಚ್' ಬಂದಿರುತ್ತದೆ. ಕೇಂದ್ರ ಸರ್ಕಾರದ ಶಿಕ್ಷಣ ಸಾಲದ ಹಳೆ ಪೋರ್ಟಲ್ ವಿದ್ಯಾಲಕ್ಷ್ಮಿಗೂ ಹೊಸ ಪಿಎಂ ವಿದ್ಯಾಲಕ್ಷ್ಮಿಗೂ ಇಂಗ್ಲಿಷ್‌ನಲ್ಲಿ ಇದೇ ವ್ಯತ್ಯಾಸ ಇದೆ. ಸರ್ಕಾರಕ್ಕೆ ನಡೆಯುತ್ತದೆ, ನಮ್ಮ ಹುಡುಗಿಯರಿಗೆ ನಡೆಯುವುದಿಲ್ಲ.

ವ್ಯತ್ಯಾಸ ಇದ್ದರೆ ಆಧಾರ್ ಅನ್ನೇ ಅಂಕಪಟ್ಟಿಗೆ ತಕ್ಕಂತೆ ತಿದ್ದಿಸಿ. ಅಂಕಪಟ್ಟಿ ತಿದ್ದಿಸುವುದು ದೊಡ್ಡ ಅಲೆದಾಟ. ಆದರೆ ನೆನಪಿರಲಿ, ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಸೇವಾ ಕೇಂದ್ರದವರು ಟೈಪ್ ಮಾಡಿದ್ದನ್ನು ಸ್ಕ್ರೀನಿನಲ್ಲಿ ನೀವೇ ಓದಿ, ಆಮೇಲೆ ಹೂಂ ಅನ್ನಿ. ಹೋದದ್ದಕ್ಕೆ ಮೊಬೈಲ್ ನಂಬರನ್ನೂ ಜೋಡಿಸಿಕೊಂಡು ಬನ್ನಿ. ವಿದ್ಯಾರ್ಥಿಯ ಕೈಯಲ್ಲೇ ಇರುವ ನಂಬರ್ ಆದರೆ ಒಳ್ಳೆಯದು.

ಆರ್‌ಡಿ ನಂಬರ್

ನಾಡಕಚೇರಿಯಿಂದ ಸಿಗುವ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ 'ಆರ್‌ಡಿ' ಎಂದು ಶುರುವಾಗುವ ನಂಬರ್ ಇರುತ್ತದೆ. ಸ್ಕಾಲರ್‌ಶಿಪ್ ಪೋರ್ಟಲ್‌ಗೆ ಬೇಕಿರುವುದು ಆ ನಂಬರ್. ಅದನ್ನು ಹಾಕಿದರೆ ಕಂದಾಯ ಇಲಾಖೆಯ ಕಡತದಿಂದ ಮಾಹಿತಿ ತಾನೇ ಬರುತ್ತದೆ. ಬಂದ ಹೆಸರು ವಿದ್ಯಾರ್ಥಿಯದ್ದೇ ಆಗಿರಬೇಕು. ಅಣ್ಣನ ಹೆಸರಿನ ಪತ್ರ, ಅಪ್ಪನ ಹೆಸರಿನ ಪತ್ರ ತಂದು "ಒಂದೇ ಮನೆ ತಾನೇ ಸಾರ್" ಅನ್ನುವವರು ಪ್ರತಿ ವರ್ಷ ಇರುತ್ತಾರೆ. ಕಂಪ್ಯೂಟರಿಗೆ ಮನೆ ಗೊತ್ತಿಲ್ಲ.

ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ರ ಜಾತಿ ಪತ್ರ ಒಮ್ಮೆ ತೆಗೆದುಕೊಂಡರೆ ಜೀವನಪೂರ್ತಿ ನಡೆಯುತ್ತದೆ. ಆದಾಯ ಪತ್ರಕ್ಕೆ, ಹಾಗೆಯೇ 2ಎ, 3ಎ, 3ಬಿ ಮುಂತಾದವರ ಜಾತಿ-ಆದಾಯ ಪತ್ರಕ್ಕೆ ಐದು ವರ್ಷದ ಅವಧಿ. ಎಂಟನೇ ಕ್ಲಾಸಿನಲ್ಲಿ ಮಾಡಿಸಿದ್ದು ಡಿಗ್ರಿಗೆ ಬರುವಷ್ಟರಲ್ಲಿ ಮುಗಿದಿರುತ್ತದೆ. ಲೆಕ್ಕ ಹಾಕಿ ನೋಡಿ. ಗ್ರಾಮ ಆಡಳಿತಾಧಿಕಾರಿ ಮನೆ ಹತ್ತಿರ ವಿಚಾರಣೆಗೆ ಬಂದಾಗ ಸುಮ್ನೆ ಬಾಯಿಗೆ ಬಂದ ಆದಾಯ ಹೇಳಬೇಡಿ. ಅದೇ ಅಂಕಿ ಮುಂದಿನ ಐದು ವರ್ಷ ನಿಮ್ಮ ಬೆನ್ನಿಗಿರುತ್ತದೆ. ಒಂದೊಂದು ಇಲಾಖೆಗೆ ಒಂದೊಂದು ಆದಾಯ ಮಿತಿ. ಇದೇ ಪತ್ರ ಸಿಇಟಿ ಅರ್ಜಿಗೂ ಬೇಕಾಗುತ್ತದೆ.

ಸಿಇಟಿ ಅಂದ ಕೂಡಲೇ ಒಂದು ಮಾತು. ಎಂಜಿನಿಯರಿಂಗ್‌ಗೆ ಹೋಗುವವರು ಎಸ್‌ಎನ್‌ಕ್ಯೂ ಸೀಟು ಮರೆಯಬೇಡಿ. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಒಪ್ಪಿದ ಕಾಲೇಜುಗಳಲ್ಲಿ ಶೇ 5ರಷ್ಟು ಹೆಚ್ಚುವರಿ ಸೀಟುಗಳಿಗೆ ಬೋಧನಾ ಶುಲ್ಕವೇ ಇಲ್ಲ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗೆ ಇರಬೇಕು, ಜಾತಿಯ ಲೆಕ್ಕ ಇಲ್ಲ. ಇದು ಆಮೇಲೆ ಕೈಗೆ ಬರುವ ಸ್ಕಾಲರ್‌ಶಿಪ್ ಅಲ್ಲ, ಸೀಟು ಹಂಚುವಾಗಲೇ ಸಿಗುವ ರಿಯಾಯಿತಿ. ಹಾಗಾಗಿ ಸಿಇಟಿ ಅರ್ಜಿಯಲ್ಲೇ ಆದಾಯದ ಆರ್‌ಡಿ ನಂಬರ್ ಸರಿಯಾಗಿ ಹೋಗಿರಬೇಕು.

ದುಡ್ಡು ಯಾವ ಖಾತೆಗೆ?

ಜಾಸ್ತಿ ಜನ ಎಡವುವುದು ಇಲ್ಲಿ. ಹೋದ ವರ್ಷಗಳಲ್ಲಿ ಒಮ್ಮೆ ಬಿಕಾಂ ಎರಡನೇ ವರ್ಷದ ಹುಡುಗಿ ಒಬ್ಬಳು ಅಪ್ಪನನ್ನು ಕರೆದುಕೊಂಡು ಬಂದಳು. ಪೋರ್ಟಲ್‌ನಲ್ಲಿ ಹಣ ಜಮಾ ಆಗಿದೆ ಎಂದು ಇದೆ, ಪಾಸ್‌ಬುಕ್‌ನಲ್ಲಿ ಇಲ್ಲ. ಅಪ್ಪನ ಮುಖ ಕೆಂಪಗಾಗಿತ್ತು.

"ಕಾಲೇಜಿನೋರೇ ಇಟ್ಕೊಂಡಿದ್ದೀರಾ ಅಂತ ನಮ್ಮೂರಲ್ಲಿ ಹೇಳ್ತಾವ್ರೆ ಸಾರ್" ಅಂದರು.

"ಕೂತ್ಕೊಳ್ಳಿ ಯಜಮಾನ್ರೇ, ನೋಡೇ ಬಿಡೋಣ" ಅಂದೆ.

ಆಧಾರ್ ವೆಬ್‌ಸೈಟ್ ತೆರೆದು, ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಿದೆವು. ಹುಡುಗಿ ಕೇಳೇ ಇರದ ಒಂದು ಬ್ಯಾಂಕಿನ ಹೆಸರು ಬಂತು. ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದಳು: "ಅಪ್ಪಾ, ಜಾತ್ರೇಲಿ ಸಿಮ್ ತಗೊಂಡ್ವಲ್ಲ, ಅವತ್ತು ಎರಡು ಸಲ ಹೆಬ್ಬೆಟ್ಟು ಒತ್ತಿಸ್ಕೊಂಡ." ಒಂದು ಒತ್ತು ಸಿಮ್‌ಗೆ, ಇನ್ನೊಂದು ಒಂದು ಮೊಬೈಲ್ ಬ್ಯಾಂಕ್ ಖಾತೆಗೆ. ಹಣ ಅಲ್ಲೇ ಕೂತಿತ್ತು, ಪೂರ್ತಿ. ಅಪ್ಪ ನಕ್ಕರೋ ಬೈದರೋ ಗೊತ್ತಾಗಲಿಲ್ಲ.

ವಿಷಯ ಇಷ್ಟೇ. ಒಂದು ಆಧಾರ್‌ಗೆ ಎಷ್ಟು ಖಾತೆ ಬೇಕಾದರೂ ಇರಬಹುದು. ಆದರೆ ಸರ್ಕಾರದ ನೇರ ನಗದು ವರ್ಗಾವಣೆ, ಅಂದರೆ ಡಿಬಿಟಿ, ಹೋಗುವುದು ಎನ್‌ಪಿಸಿಐ, ಅಂದರೆ ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಜೋಡಣೆಯಾದ ಒಂದೇ ಬ್ಯಾಂಕಿಗೆ. ಕೊನೆಗೆ ಯಾವುದನ್ನು ಜೋಡಿಸಿದ್ದೀರೋ ಅದಕ್ಕೆ. ಅರ್ಜಿಯಲ್ಲಿ ಯಾವ ಪಾಸ್‌ಬುಕ್ ಜೆರಾಕ್ಸ್ ಇಟ್ಟಿರಿ ಅನ್ನುವುದು ಮುಖ್ಯವೇ ಅಲ್ಲ. ಬ್ಯಾಂಕಿಗೆ ಹೋಗಿ "ಆಧಾರ್ ಲಿಂಕ್ ಮಾಡಿ" ಅಂದರೆ ಸಾಲದು. "ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್ ಮಾಡಿ" ಎಂದು ಬಾಯಿಬಿಟ್ಟು ಕೇಳಿ, ಫಾರಂ ಕೊಟ್ಟು ಬನ್ನಿ. ಕೆಲವು ದಿನ ಬಿಟ್ಟು ಸ್ಥಿತಿಯನ್ನು ನೀವೇ ನೋಡಿ. ಎರಡು ವರ್ಷ ಒಂದು ವಹಿವಾಟೂ ಇಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಹೈಸ್ಕೂಲಿನಲ್ಲಿ ತೆರೆದ ಖಾತೆ ಇದ್ದರೆ ನೂರು ರೂಪಾಯಿ ಹಾಕಿ ತೆಗೆದು ಜೀವ ಕೊಡಿ.

ಈಗ ಅರ್ಜಿ

ಕರ್ನಾಟಕದಲ್ಲಿ ಮೆಟ್ರಿಕ್ ನಂತರದ ಸರ್ಕಾರಿ ಸ್ಕಾಲರ್‌ಶಿಪ್‌ಗಳಿಗೆ ಒಂದೇ ಬಾಗಿಲು, ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆ, ಕಾರ್ಮಿಕ ಇಲಾಖೆ, ಎಲ್ಲಕ್ಕೂ ಅರ್ಜಿ ಒಂದೇ. ಬ್ರಾಹ್ಮಣ ಅಭಿವೃದ್ಧಿ ಮಂಡಳಿಯ ಸಾಂದೀಪನಿ ಶಿಷ್ಯವೇತನಕ್ಕೂ ಇಲ್ಲೇ ಬರಬೇಕು.

ಮೊದಲು ಆಧಾರ್ ಕೊಟ್ಟು ಖಾತೆ ತೆರೆಯಿರಿ. ಸೈಬರ್ ಸೆಂಟರಿಗೆ ಹೋದರೂ ಸರಿ, ನಂಬರ್ ಮಾತ್ರ ನಿಮ್ಮದೇ ಕೊಡಿ. ಅಂಗಡಿಯವರು ಬೇಗ ಮುಗಿಯಲಿ ಅಂತ ತಮ್ಮ ಮೊಬೈಲ್ ನಂಬರ್ ಹಾಕಿಬಿಡುತ್ತಾರೆ. ಮುಂದಿನ ವರ್ಷ ಪಾಸ್‌ವರ್ಡ್ ಮರೆತಾಗ ಓಟಿಪಿ ಅವರಿಗೆ ಹೋಗುತ್ತದೆ, ಅಂಗಡಿ ಮುಚ್ಚಿರುತ್ತದೆ. ಐಡಿ, ಪಾಸ್‌ವರ್ಡ್ ಎರಡನ್ನೂ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಬರೆದಿಡಿ.

ಅರ್ಜಿ ಬರುವ ಮೊದಲು ಇ-ದೃಢೀಕರಣ ಎಂಬ ಒಂದು ಮೆಟ್ಟಿಲಿದೆ. ವ್ಯಾಸಂಗ ಪ್ರಮಾಣಪತ್ರ, ಫೀಸು ಕಟ್ಟಿದ ರಸೀದಿ, ಬೇಕಾದರೆ ಹಿಂದಿನ ವರ್ಷದ ಅಂಕಪಟ್ಟಿ ಇವನ್ನು ಅಪ್‌ಲೋಡ್ ಮಾಡಬೇಕು. ಕಾಲೇಜಿನ ಅಧಿಕಾರಿ, ಅಂದರೆ ನನ್ನಂಥವರು, ಮೂಲ ದಾಖಲೆ ನೋಡಿ ಒಪ್ಪಿಗೆ ಕೊಡುತ್ತೇವೆ. ಆಗ ಒಂದು ಐಡಿ ಬರುತ್ತದೆ, ಅದನ್ನು ಎಸ್‌ಎಸ್‌ಪಿ ಅರ್ಜಿಯಲ್ಲಿ ಹಾಕಬೇಕು. ಮೊಬೈಲಿನಲ್ಲಿ ಓರೆಯಾಗಿ ತೆಗೆದ, ಹೆಬ್ಬೆರಳು ಕಾಣುವ ಫೋಟೊ ಕಳಿಸಬೇಡಿ. ನಾವು ತಿರಸ್ಕರಿಸುವುದು ಕೋಪದಿಂದಲ್ಲ, ಓದಲು ಬರುವುದಿಲ್ಲ ಅಂತ.

ಅರ್ಜಿಯ ಒಳಗೆ ತಂದೆ ತಾಯಿಯ ಆಧಾರ್, ಎಸ್ಸೆಸ್ಸೆಲ್ಸಿ ನೋಂದಣಿ ಸಂಖ್ಯೆ, ಆರ್‌ಡಿ ನಂಬರ್‌ಗಳು, ಕಾಲೇಜು, ಕೋರ್ಸ್, ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ಕೇಳುತ್ತದೆ. ಹಾಸ್ಟೆಲ್ಲಿನಲ್ಲಿ ಇದ್ದೀರಾ, ಮನೆಯಿಂದ ಓಡಾಡುತ್ತೀರಾ ಎಂಬ ಪ್ರಶ್ನೆಗೆ ನಿಜವನ್ನೇ ಹೇಳಿ. ಮೊತ್ತ ಇದರ ಮೇಲೆ ಬದಲಾಗುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ-ವಸತಿಗೆಂದು ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತ ಬಂದಿದ್ದಾರೆ. ಒಂದು ಉತ್ತರ ತಪ್ಪಿದರೆ 15,000 ಹೋಯಿತು ಅಲ್ವಾ?

ಕೊನೆಗೆ ಸಲ್ಲಿಸಿದ ಮೇಲೆ ಬರುವ ಸ್ವೀಕೃತಿಯನ್ನು ಪ್ರಿಂಟ್ ತೆಗೆದುಕೊಳ್ಳಿ. 'ಸೇವ್' ಒತ್ತಿ ಮುಗಿಯಿತೆಂದು ಎದ್ದುಹೋದವರನ್ನು ನಾನು ಕಂಡಿದ್ದೇನೆ.

ದೆಹಲಿಯ ಬಾಗಿಲು

ರಾಜ್ಯದ್ದು ಹಾಕಿದೆವು, ಮುಗಿಯಿತು ಅಂದುಕೊಳ್ಳಬೇಡಿ. ಕೇಂದ್ರದ ಎನ್‌ಎಸ್‌ಪಿ, ಅಂದರೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ಬೇರೆ. ಇಲ್ಲಿ ಮೊದಲು ಒಂದು ಸಲದ ನೋಂದಣಿ, ಓಟಿಆರ್. ಮೊಬೈಲಿನಲ್ಲಿ ಆಧಾರ್ ಮುಖ ಗುರುತಿನ ಆ್ಯಪ್ ಹಾಕಿಕೊಂಡು ಕಣ್ಣು ಮಿಟುಕಿಸಿ ತೋರಿಸಬೇಕು. ಬೆಳಕಿರುವ ಕಡೆ ಕೂತು ಮಾಡಿ. ಸಿಗುವ 14 ಅಂಕಿಯ ನಂಬರ್ ಓದು ಮುಗಿಯುವವರೆಗೂ ಅದೇ.

ಜಾತಿ ಆಧಾರದ ಸ್ಕಾಲರ್‌ಶಿಪ್ ಸಿಗದ ಮನೆಯವರೂ ನೋಡಬೇಕಾದದ್ದು ಇಲ್ಲಿನ ಕೇಂದ್ರ ವಲಯ ವಿದ್ಯಾರ್ಥಿವೇತನ. ಡಿಗ್ರಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ 20,000 ರೂಪಾಯಿ. ಕುಟುಂಬದ ಆದಾಯ 4.5 ಲಕ್ಷದೊಳಗೆ. ಪಿಯುಸಿಯಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು. ಇದು ಶೇ 80 ಅಂಕ ಅಲ್ಲ. ನಿಮ್ಮ ವಿಭಾಗದಲ್ಲಿ ಪಾಸಾದ ನೂರು ಜನರಲ್ಲಿ ಎಂಬತ್ತು ಜನರಿಗಿಂತ ಮುಂದೆ ಇರಬೇಕು ಅಂತ ಅರ್ಥ. ಎಷ್ಟೋ ಮಕ್ಕಳು ಇದನ್ನು ತಪ್ಪಾಗಿ ಓದಿ ಅರ್ಜಿಯನ್ನೇ ಹಾಕುವುದಿಲ್ಲ.

ಎಂಜಿನಿಯರಿಂಗ್, ಡಿಪ್ಲೊಮಾ ಹುಡುಗಿಯರಿಗೆ ಎಐಸಿಟಿಇಯ ಪ್ರಗತಿ, ಅಂಗವಿಕಲ ವಿದ್ಯಾರ್ಥಿಗಳಿಗೆ ಸಕ್ಷಮ್. ಎರಡೂ ವರ್ಷಕ್ಕೆ 50,000, ಆದಾಯ ಮಿತಿ 8 ಲಕ್ಷ. ಪ್ರಗತಿ ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಸಿಗುತ್ತದೆ. ಹತ್ತು ಮತ್ತು ಹನ್ನೆರಡನೇ ತರಗತಿ ಸರ್ಕಾರಿ ಸಂಸ್ಥೆಯಲ್ಲಿ ಓದಿದ ಹೆಣ್ಣುಮಕ್ಕಳು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವರ್ಷಕ್ಕೆ 30,000 ರೂಪಾಯಿಯ ನೆರವನ್ನೂ ನೋಡಿ. ಅದಕ್ಕೆ ಅವರದ್ದೇ ವೆಬ್‌ಸೈಟ್, ಎನ್‌ಎಸ್‌ಪಿ ಅಲ್ಲ. ಒಂದೇ ಉದ್ದೇಶಕ್ಕೆ ಎರಡು ಸರ್ಕಾರಿ ಸ್ಕಾಲರ್‌ಶಿಪ್ ಪಡೆಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಹಾಗಾಗಿ ಯಾವುದರಲ್ಲಿ ಜಾಸ್ತಿ ಅಂತ ಮೊದಲೇ ಕೂಡಿ ಕಳೆದು ನೋಡಿ.

ಆದರೂ ಸಾಲದಿದ್ದರೆ

ಶಿಕ್ಷಣ ಸಾಲ ಬೇಕೇ ಅಂತ ಅಪ್ಪ ಅಮ್ಮ ಮಾತ್ರ ತೀರ್ಮಾನ ಮಾಡಬಾರದು, ಮಗ ಮಗಳೂ ಕೂತಿರಲಿ. ತೀರಿಸುವವರು ಅವರು ತಾನೇ. ಬ್ಯಾಂಕುಗಳ ಸಾಮಾನ್ಯ ಯೋಜನೆಯಲ್ಲಿ 4 ಲಕ್ಷದವರೆಗೆ ನಿಮ್ಮ ಕೈಯಿಂದ ಪಾಲು ಹಾಕಬೇಕಿಲ್ಲ, 7.5 ಲಕ್ಷದವರೆಗೆ ಆಸ್ತಿ ಅಡವು ಇಡಬೇಕಿಲ್ಲ. ಹೊಲದ ಪತ್ರ ತನ್ನಿ ಅಂದರೆ, ಯಾಕೆ ಅಂತ ಕೇಳಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಇರುವುದಿಲ್ಲ.

ಕಂತು ಇಲ್ಲ ಅಂದರೆ ಬಡ್ಡಿ ಇಲ್ಲ ಅಂತಲ್ಲ. ನಾಲ್ಕು ವರ್ಷದ ಕೋರ್ಸಿಗೆ ವರ್ಷದ ಆರಂಭದಲ್ಲಿ ಒಂದೊಂದು ಲಕ್ಷದಂತೆ ಸಾಲ ತೆಗೆದುಕೊಂಡಿರಿ, ಸರಳ ಬಡ್ಡಿ ಶೇ 10 ಅಂತಿಟ್ಟುಕೊಳ್ಳಿ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಆಮೇಲೆ ಮೂರು, ಎರಡು. ಒಟ್ಟು 1.40 ಲಕ್ಷ. ಮೊದಲ ಕಂತು ಕಟ್ಟುವ ದಿನ ನಿಮ್ಮ ಸಾಲ 4 ಲಕ್ಷ ಅಲ್ಲ, 5.40 ಲಕ್ಷ. ಓದುವಾಗಲೇ ಬಡ್ಡಿಯನ್ನಾದರೂ ಆಗಾಗ ಕಟ್ಟಲು ಆದರೆ ಕಟ್ಟಿ.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಇಲ್ಲಿ ನೆರವಿಗೆ ಬರಬಹುದು. ಪಟ್ಟಿಯಲ್ಲಿರುವ ಕಾಲೇಜಿಗೆ ಸೇರಿದವರಿಗೆ ಅಡವು, ಜಾಮೀನು ಎರಡೂ ಇಲ್ಲದ ಸಾಲ. ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ನೆರವು ಪಡೆಯದವರಿಗೆ, 10 ಲಕ್ಷದವರೆಗಿನ ಸಾಲದ ಮೇಲೆ, ಕಂತು ಶುರುವಾಗುವ ತನಕ ಶೇ 3ರಷ್ಟು ಬಡ್ಡಿ ರಿಯಾಯಿತಿ. ನಿಮ್ಮ ಕಾಲೇಜು ಪಟ್ಟಿಯಲ್ಲಿ ಇದೆಯೇ ಎಂದು ಸೀಟು ಆರಿಸುವ ಮೊದಲೇ ನೋಡಿಕೊಳ್ಳಿ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ನಿಗಮಗಳಲ್ಲಿ ಅರಿವು ಎಂಬ ಶಿಕ್ಷಣ ಸಾಲವೂ ಇದೆ, ಬಡ್ಡಿ ಬ್ಯಾಂಕಿಗಿಂತ ತುಂಬ ಕಡಿಮೆ.

ಹಾಕಿದ ಮೇಲೆ

ತಿಂಗಳಿಗೊಮ್ಮೆ ಪೋರ್ಟಲ್‌ನಲ್ಲಿ ಸ್ಥಿತಿ ನೋಡಿ. ಕಾಲೇಜಿನ ಹಂತದಲ್ಲಿ ನಿಂತಿದ್ದರೆ ನಮ್ಮ ಟೇಬಲ್‌ಗೆ ಬನ್ನಿ, ಇಲಾಖೆಯಲ್ಲಿ ನಿಂತಿದ್ದರೆ ತಾಲ್ಲೂಕು ಕಚೇರಿಗೆ ಸ್ವೀಕೃತಿಯ ಪ್ರತಿ ಹಿಡಿದು ಹೋಗಿ. ಹಣ ಬಂತೇ ಎಂದು ತಿಳಿಯಲು ಡಿಬಿಟಿ ಕರ್ನಾಟಕ ಆ್ಯಪ್ ಇದೆ, ಯಾವ ದಿನ ಯಾವ ಬ್ಯಾಂಕಿಗೆ ಎಂಬುದೂ ಅದರಲ್ಲಿ ಕಾಣುತ್ತದೆ. "ಸ್ಕಾಲರ್‌ಶಿಪ್ ಬಂದಿದೆ, ಓಟಿಪಿ ಹೇಳಿ" ಎಂದು ಫೋನ್ ಬಂದರೆ ಮಾತು ಬೆಳೆಸದೆ ಇಟ್ಟುಬಿಡಿ.

ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬೇಕು, ತಾನಾಗಿ ಬರುವುದಿಲ್ಲ. ಕೇಂದ್ರ ವಲಯದ್ದು ಮುಂದುವರಿಯಲು ಶೇ 50 ಅಂಕ, ಶೇ 75 ಹಾಜರಾತಿ ಬೇಕು. ಮತ್ತೆ, ಆಫರ್ ಚೆನ್ನಾಗಿದೆ ಅಂತ ಮಧ್ಯದಲ್ಲಿ ಹಳೆ ಸಿಮ್ ಎಸೆಯಬೇಡಿ. ಎಸೆದು ಬಂದವರು ಈ ವರ್ಷ ನನ್ನ ಟೇಬಲ್ ಮುಂದೆ ನಾಲ್ಕು ಜನ.