ಸ್ಮೂತ್ ಜಾಝ್ ಕೇಳಬೇಕಾ? ಹಿಂದೆ ಕೂತವರ ಹೆಸರು ಹಿಡಿದುಕೊಂಡು ಹೋಗಿ

ಸ್ಮೂತ್ ಜಾಝ್ ಅಂದರೆ ಜಾಝ್ ಸಂಗೀತದ ಮೆಲುವಾದ ಒಂದು ಬಗೆ. ಯೂಟ್ಯೂಬಿನಲ್ಲಿ ಆ ಹೆಸರು ಹಾಕಿ ಹುಡುಕಿದರೆ ಮೊದಲು ಬರೋದು ಗಂಟೆಗಟ್ಟಲೆ ಓಡುವ ವಿಡಿಯೋಗಳು. ಕಾಫಿ ಕಪ್ಪು, ಕಿಟಕಿ, ಆಚೆ ಮಳೆ. ಅವನ್ನು ಬಿಟ್ಟುಬಿಡಿ. ಯಾರು ನುಡಿಸಿದ್ದು ಅಂತ ಬಹಳಷ್ಟು ಕಡೆ ಹಾಕೋದೇ ಇಲ್ಲ, ಹೆಸರೇ ಇಲ್ಲದ ಮೇಲೆ ಮುಂದೆ ಯಾರನ್ನು ಹುಡುಕೋದು? ಈ ಸಂಗೀತವನ್ನು ಪೂರ್ತಿ ಆಲ್ಬಂ ಆಗಿ ಕೇಳಿ. ಕೇಳುವಾಗ ಕವರ್ ಮೇಲಿನ ದೊಡ್ಡ ಹೆಸರು ನೋಡಿ ಸುಮ್ಮನಾಗಬೇಡಿ, ಬಾಸ್ ಗಿಟಾರ್ ಯಾರು, ಡ್ರಮ್ಸ್ ಯಾರು ಅಂತ ನೋಡಿ. ಒಂದು ಆಲ್ಬಮಿನಿಂದ ಇನ್ನೊಂದಕ್ಕೆ ದಾರಿ ತೋರಿಸೋರು ಅವರೇ.

ನಮ್ಮ ತುಮಕೂರಿನ ಕಡೆಯವರಿಗೆ ಸ್ಯಾಕ್ಸೋಫೋನ್ ಹೊಸದೇನಲ್ಲ. ಮದುವೆ ಛತ್ರದಲ್ಲಿ ವಾಲಗದವರ ಜೊತೆ ಅದೂ ಇರುತ್ತದೆ, ಕದ್ರಿ ಗೋಪಾಲನಾಥ್ ಅವರು ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿದ್ದನ್ನು ಕೇಳಿದವರೂ ಜಾಸ್ತಿ ಜನ ಇದ್ದಾರೆ. ಆದರೆ ಛತ್ರದಲ್ಲಿ ಆ ವಾದ್ಯ ಡೋಲಿನ ಸದ್ದನ್ನೂ ಊಟದ ಪಂಕ್ತಿಯ ಗಲಾಟೆಯನ್ನೂ ದಾಟಿ ಕೇಳಿಸಬೇಕು, ಅದಕ್ಕೇ ಜೋರಾಗಿ ಊದುತ್ತಾರೆ. ಸ್ಟುಡಿಯೋದಲ್ಲಿ ಮೈಕು ವಾದ್ಯದ ಹತ್ತಿರವೇ ಇರುತ್ತದೆ. ಅಲ್ಲಿ ಮೆಲ್ಲಗೆ ಊದಿದರೂ ನಡೆಯುತ್ತದೆ. ಸ್ಮೂತ್ ಜಾಝ್ ನಿಂತಿರೋದೇ ಈ ಮೆಲುದನಿಯ ಮೇಲೆ.

ಹಾಗಾಗಿ ಮೊದಲ ಕೆಲಸ, ಇಯರ್‌ಫೋನ್ ಹಾಕಿಕೊಳ್ಳಿ. ಬೆಲೆ ಬಾಳೋದೇ ಬೇಕು ಅಂತಿಲ್ಲ. ಫೋನಿನ ಸ್ಪೀಕರಿನಲ್ಲಿ ಬಾಸ್ ಗಿಟಾರ್ ಮುಕ್ಕಾಲು ಪಾಲು ಮಾಯವಾಗುತ್ತದೆ, ಉಳಿಯೋದು ಬರೀ ಮೇಲಿನ ರಾಗ. ಆಮೇಲೆ ಇದೇನು ಲಿಫ್ಟಿನಲ್ಲಿ ಹಾಕೋ ಮ್ಯೂಸಿಕ್ ಅಂತ ಬೈಯ್ಯೋದು ನ್ಯಾಯ ಅಲ್ಲ ಅಲ್ವಾ.

ಶುರು ಮಾಡೋಕೆ ನನ್ನ ಆಯ್ಕೆ 1980ರ ‘ವೈನ್‌ಲೈಟ್’. ಸ್ಯಾಕ್ಸೋಫೋನ್ ನುಡಿಸುವ ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರದ್ದು. ಆರೇ ಟ್ರ್ಯಾಕ್, ಸುಮಾರು 40 ನಿಮಿಷ. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗೋರು ಕ್ಯಾತಸಂದ್ರ ದಾಟುವಾಗ ಹಾಕಿಕೊಂಡರೆ ಯಶವಂತಪುರ ಬರೋದರೊಳಗೆ ಆರಾಮಾಗಿ ಮುಗಿಯುತ್ತದೆ, ಸೀಟು ಸಿಗದೆ ಬಾಗಿಲ ಹತ್ತಿರ ನಿಂತಿದ್ದರೂ ಸರಿ. ಇದರಲ್ಲಿ ಬಿಲ್ ವಿದರ್ಸ್ ಹಾಡಿದ ‘ಜಸ್ಟ್ ದ ಟೂ ಆಫ್ ಅಸ್’ ಇದೆ. ರೇಡಿಯೋಗೆ ಅಂತ ಕತ್ತರಿಸಿದ ಚಿಕ್ಕ ಆವೃತ್ತಿ ಬೇಡ, ಆಲ್ಬಮಿನಲ್ಲಿರೋ 7 ನಿಮಿಷ ದಾಟುವ ಪೂರ್ತಿ ಹಾಡನ್ನೇ ಕೇಳಿ.

ಮೊದಲ ಸಲ ಹಾಡು ಕೇಳಿ. ಎರಡನೇ ಸಲ ವಿದರ್ಸ್ ಅವರನ್ನು ಮರೆತು ಬಾಸ್ ಒಂದನ್ನೇ ಹಿಂಬಾಲಿಸಿ. ಎಲೆಕ್ಟ್ರಿಕ್ ಪಿಯಾನೋ ಅದೇ ಐದು ಕಾರ್ಡುಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳನ್ನು) ಸುತ್ತಿ ಸುತ್ತಿ ನುಡಿಸುತ್ತಿರುತ್ತದೆ, ಅದರ ಕೆಳಗೆ ಬಾಸ್ ಮಾತ್ರ ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ಬದಲಾಗುತ್ತಾ ಹೋಗುತ್ತದೆ. ನುಡಿಸಿದವರು ಮಾರ್ಕಸ್ ಮಿಲ್ಲರ್. ಆಗ ಅವರಿಗೆ 21 ವರ್ಷ. ನಡುವೆ ಟಣ್ ಟಣ್ ಅಂತ ಲೋಹದ ದನಿ ಬರುತ್ತದಲ್ಲ, ಅದು ಸ್ಟೀಲ್‌ಪ್ಯಾನ್ ಅನ್ನೋ ಉಕ್ಕಿನ ವಾದ್ಯ, ರಾಬರ್ಟ್ ಗ್ರೀನಿಜ್ ಅವರದ್ದು. ಡ್ರಮ್ಸ್ ಸ್ಟೀವ್ ಗ್ಯಾಡ್, ಗಿಟಾರ್ ಎರಿಕ್ ಗೇಲ್. ಈ ಹೆಸರುಗಳನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ.

ಹೆಸರು ಎಲ್ಲಿ ಸಿಗುತ್ತದೆ ಅಂದರೆ, ಕಂಪನಿಯವರೇ ಹಾಕಿದ ಯೂಟ್ಯೂಬ್ ಹಾಡುಗಳ ಕೆಳಗಿನ ವಿವರ ತೆರೆದರೆ ಎಷ್ಟೋ ಸಲ ಅಲ್ಲೇ ಇರುತ್ತದೆ. ಇಲ್ಲದಿದ್ದರೆ ಆಲ್ಬಮ್‌ಗಳ ವಿವರ ಕೂಡಿಡುವ ಡಿಸ್ಕಾಗ್ಸ್ ಅನ್ನೋ ವೆಬ್‌ಸೈಟಿನಲ್ಲಿ ಆಲ್ಬಂ ಹೆಸರು ಹಾಕಿ ನೋಡಿ.

ಈಗ ಮಿಲ್ಲರ್, ಗ್ಯಾಡ್, ಗೇಲ್ ಮೂವರನ್ನೂ ಹಿಡಿದುಕೊಂಡು ಹೊರಟರೆ 1986ರ ‘ಡಬಲ್ ವಿಷನ್’ ಸಿಗುತ್ತದೆ. ಬಾಬ್ ಜೇಮ್ಸ್ ಕೀಬೋರ್ಡು, ಡೇವಿಡ್ ಸ್ಯಾನ್‌ಬಾರ್ನ್ ಆಲ್ಟೋ ಸ್ಯಾಕ್ಸೋಫೋನು. ಮೊದಲ ಟ್ರ್ಯಾಕ್ ‘ಮಪೂಟೊ’ ಬರೆದದ್ದು ಅದೇ ಮಿಲ್ಲರ್. ಗ್ರೋವರ್ ಅವರ ದನಿ ದುಂಡಗೆ ಇತ್ತು, ಸ್ಯಾನ್‌ಬಾರ್ನ್ ಅವರದ್ದು ಚೂಪು, ಮೇಲಿನ ಸ್ವರಕ್ಕೆ ಹೋದಾಗ ಸ್ವಲ್ಪ ಅಳುವ ಹಾಗೆ ಕೇಳುತ್ತದೆ. ಎರಡೂ ಆಲ್ಬಂ ಒಂದರ ಹಿಂದೆ ಒಂದು ಹಾಕಿ ನೋಡಿ. ಅದೇ ಬಾಸು, ಅದೇ ಡ್ರಮ್ಸು, ಊದುವವರು ಮಾತ್ರ ಬೇರೆ. ಸ್ಯಾಕ್ಸೋಫೋನ್ ಎಲ್ಲಾ ಒಂದೇ ಥರ ಅನ್ನೋರ ಬಾಯಿ ಇಲ್ಲಿಗೆ ಮುಚ್ಚುತ್ತದೆ.

ಅಲ್ಲಿಂದ ಬಾಬ್ ಜೇಮ್ಸ್ ಅವರನ್ನು ಹಿಡಿಯಿರಿ. 1990ರಲ್ಲಿ ಅವರ ‘ಗ್ರ್ಯಾಂಡ್ ಪಿಯಾನೋ ಕ್ಯಾನ್ಯನ್’ ಆಲ್ಬಮಿಗೆ ಸೇರಿದ ಗಿಟಾರಿನ ಲೀ ರಿಟನೂರ್, ಬಾಸಿನ ನೇಥನ್ ಈಸ್ಟ್, ಡ್ರಮ್ಸಿನ ಹಾರ್ವಿ ಮೇಸನ್ ಮೂವರೂ ಅವರ ಜೊತೆಗೇ ಉಳಿದು ‘ಫೋರ್‌ಪ್ಲೇ’ ಅನ್ನೋ ತಂಡ ಆಯಿತು. 1991ರಲ್ಲಿ ಮೊದಲ ಆಲ್ಬಂ. ಇದರಲ್ಲಿ ಸ್ಯಾಕ್ಸೋಫೋನಿನ ಮೇಲೆ ಕೂತ ಸಂಗೀತ ಇಲ್ಲ, ಗಿಟಾರು ಮತ್ತು ಪಿಯಾನೋ ಮಾತಾಡಿಕೊಳ್ಳುತ್ತವೆ. ಮಲಗುವ ಹೊತ್ತಿಗೆ ಚೆನ್ನಾಗಿರುತ್ತದೆ, ನನಗಂತೂ ಅದಕ್ಕಿಂತ ಹೆಚ್ಚಿಗೆ ಹಿಡಿಸಿಲ್ಲ.

ಆದರೆ ಹಾರ್ವಿ ಮೇಸನ್ ಅವರನ್ನು ಬಿಡಬೇಡಿ, ಹಿಂದಕ್ಕೆ ಹೋಗಿ. 1976ರ ಜಾರ್ಜ್ ಬೆನ್ಸನ್ ಅವರ ‘ಬ್ರೀಝಿನ್’ ಆಲ್ಬಮಿಗೆ ಡ್ರಮ್ಸ್ ಬಾರಿಸಿದ್ದು ಇವರೇ. ಈ ಸಂಗೀತದ ಬೇರು ಇಲ್ಲಿದೆ, ರೇಡಿಯೋದವರು ಇದಕ್ಕೆ ಅಂತಲೇ ಸ್ಟೇಷನ್ ತೆಗೆದದ್ದು ಎಷ್ಟೋ ಆಮೇಲೆ. ಇಡೀ ಆಲ್ಬಮಿನಲ್ಲಿ ಹಾಡಿರೋದು ಒಂದೇ, ‘ದಿಸ್ ಮಾಸ್ಕರೇಡ್’. ಅದರ ಶುರುವಿನಲ್ಲಿ ಬೆನ್ಸನ್ ಗಿಟಾರಿನಲ್ಲಿ ನುಡಿಸುವ ಸ್ವರವನ್ನೇ ಅದೇ ಗಳಿಗೆಯಲ್ಲಿ ಬಾಯಲ್ಲೂ ಹಾಡುತ್ತಾರೆ. ಬೆರಳು ಯಾವುದು, ಗಂಟಲು ಯಾವುದು ಅಂತ ಬಿಡಿಸೋಕೆ ಆಗಲ್ಲ. ಅಲ್ಲೊಂದು ಎರಡು ಮೂರು ಸಲ ಹಿಂದೆ ಎಳೆದು ಕೇಳಿ.

ಕೆನ್ನಿ ಜಿ ಯಾಕೆ ಹೇಳಲಿಲ್ಲ ಅಂತ ಕೇಳೋರು ಇದ್ದೇ ಇರುತ್ತಾರೆ. 1997ರಲ್ಲಿ ಒಂದೇ ಸ್ವರವನ್ನು 45 ನಿಮಿಷ 47 ಸೆಕೆಂಡು ಹಿಡಿದು ದಾಖಲೆ ಮಾಡಿದವರು ಅವರು, ಉಸಿರಿನ ಬಗ್ಗೆ ತಕರಾರಿಲ್ಲ. ಆದರೆ ಅವರ ಆಲ್ಬಮಿನಲ್ಲಿ ಕಿವಿ ಸೊಪ್ರಾನೋ ಸ್ಯಾಕ್ಸೋಫೋನ್ ಬಿಟ್ಟು ಬೇರೆ ಕಡೆ ಹೋಗೋದೇ ಇಲ್ಲ, ಹಿಂದಿನವರು ಏನು ಮಾಡುತ್ತಿದ್ದಾರೆ ಅಂತ ಗೊತ್ತೇ ಆಗಲ್ಲ. ಇಷ್ಟ ಇದ್ದರೆ 1986ರ ‘ಡುಯೋಟೋನ್ಸ್’ ಕೇಳಿ. ಆದರೆ ಶುರು ಅಲ್ಲಿಂದ ಬೇಡ.

ಮೇಸನ್ ಹಿಂದೆ ಇನ್ನೂ ಹೋಗೋ ಆಸೆ ಬಂದರೆ ಕೀಬೋರ್ಡ್ ನುಡಿಸುವ ಹರ್ಬಿ ಹ್ಯಾನ್ಕಾಕ್ ಅವರ 1973ರ ‘ಹೆಡ್ ಹಂಟರ್ಸ್’ ಇದೆ. ಡ್ರಮ್ಸ್ ಅಲ್ಲೂ ಅವರದ್ದೇ, ಆದರೆ ಅದು ಸ್ಮೂತ್ ಅಲ್ಲವೇ ಅಲ್ಲ. ಮೊದಲ ಟ್ರ್ಯಾಕೇ 15 ನಿಮಿಷ ದಾಟುತ್ತದೆ, ರಾತ್ರಿ ಮನೆಯವರು ಮಲಗಿದ ಮೇಲೆ ಹಾಕೋದಾದರೆ ಇಯರ್‌ಫೋನ್ ಸರಿಯಾಗಿ ಸಿಕ್ಕಿಸಿದ್ದೀರಾ ನೋಡಿಕೊಳ್ಳಿ.