ಕ್ಯಾರವಾನಿಗೆ ಮೋಟಾರ್ ಮೂವರ್ ಬೇಕೇ? ಅಳೆದು ತೂಗಿ ನಿರ್ಧರಿಸಿದ ಬಗೆ

ಕಾರಿನ ಹಿಂದೆ ಕಟ್ಟಿ ನೂರಾರು ಮೈಲಿ ಎಳೆದು ತಂದ ಕ್ಯಾರವಾನನ್ನು, ಅಂದರೆ ಗಾಲಿಯ ಮೇಲಿನ ಪುಟ್ಟ ಮನೆಯನ್ನು, ಮನೆ ಮುಂದಿನ ಜಾಗಕ್ಕೆ ಸೇರಿಸುವ ಕೊನೆಯ ಹತ್ತು ಮೀಟರೇ ಇಂಗ್ಲೆಂಡಿನಲ್ಲಿ ಬಹಳ ಜನರಿಗೆ ತಲೆನೋವು. ಕಿರಿದಾದ ರಸ್ತೆ, ಎದುರು ಮನೆಯವರು ನಿಲ್ಲಿಸಿದ ಕಾರು, ಗೇಟಿನ ಎರಡು ಕಂಬ, ಅದರಾಚೆ ಒಂದು ಏರು. ಮೋಟಾರ್ ಮೂವರ್ ಇರುವುದು ಈ ಹತ್ತು ಮೀಟರಿಗಾಗಿ. ಗಾಡಿಯ ಅಡಿಯ ಚೌಕಟ್ಟಾದ ಚಾಸಿಗೆ ಬಿಗಿದ ಎರಡು 12 ವೋಲ್ಟ್ ಮೋಟಾರುಗಳು, ಅವುಗಳ ತುದಿಯಲ್ಲಿ ಟೈರಿಗೆ ಒತ್ತಿಕೊಂಡು ಗಾಲಿ ತಿರುಗಿಸುವ ಅಲ್ಯೂಮಿನಿಯಂ ರೋಲರುಗಳು, ನಮ್ಮ ಕೈಯಲ್ಲಿ ರಿಮೋಟ್. ಕಾರಿನಿಂದ ಬಿಚ್ಚಿದ ಒಂದೂವರೆ ಟನ್ ಗಾಡಿ ನಿಂತಲ್ಲೇ ತಿರುಗುತ್ತದೆ.

ಹಾಕಿಸುವ ಮುಂಚೆ ನಾನು ನೋಡಿದ್ದು ಮೂರು ವಿಷಯ: ಜಾಗದ ಇಳಿಜಾರು, ಗಾಡಿಯ ತೂಕದಲ್ಲಿ ಉಳಿದಿರುವ ಅವಕಾಶ, ಬ್ಯಾಟರಿ. ಬೆಲೆ ಆಮೇಲಿನ ಮಾತು. ಈ ಮೂರರಲ್ಲಿ ಒಂದು ಕೈಕೊಟ್ಟರೂ ಎಷ್ಟು ಒಳ್ಳೆಯ ಮೂವರ್ ತಂದರೂ ಪ್ರಯೋಜನವಿಲ್ಲ.

ಇಳಿಜಾರು ಅಳೆಯಲು ಒಂದು ಮೀಟರ್ ಉದ್ದದ ನೇರ ಹಲಗೆ, ರಸಮಟ್ಟ ಮತ್ತು ಟೇಪು ಸಾಕು. ಹಲಗೆಯ ಮೇಲ್ತುದಿ ನೆಲಕ್ಕೆ ತಾಗಿರಲಿ, ಕೆಳತುದಿಯನ್ನು ಗುಳ್ಳೆ ನಡುವಿಗೆ ಬರುವವರೆಗೆ ಎತ್ತಿ, ಅಡಿಯ ಸಂದನ್ನು ಅಳೆಯಿರಿ. ಸಂದು 12 ಸೆಂಮೀ ಇದ್ದರೆ ಏರು 12%. ಒಂದೇ ಕಡೆ ಅಳೆದು ಬಿಡಬೇಡಿ. ಫುಟ್‌ಪಾತ್ ದಾಟಿ ಒಳಬರುವ ತುಂಡು ಉಳಿದ ಜಾಗಕ್ಕಿಂತ ಕಡಿದಾಗಿರುವುದೇ ಹೆಚ್ಚು, ಮೂವರ್ ಮೊದಲು ಏದುಸಿರು ಬಿಡುವುದೂ ಅಲ್ಲೇ.

ಇನ್ನು ಲೆಕ್ಕ. 1500 ಕೆಜಿ ಗಾಡಿಯನ್ನು 10% ಏರಿನಲ್ಲಿ ಹತ್ತಿಸಲು ಏರಿಗೇ 150 ಕೆಜಿಯಷ್ಟು ತಳ್ಳುಬಲ ಬೇಕು. ಅದಕ್ಕೆ ನೆಲದ ಎಳೆತ ಸೇರಿಸಿ: ಗಟ್ಟಿ ಡಾಂಬರಿನಲ್ಲಿ 20–25 ಕೆಜಿ, ಹುಲ್ಲು ಅಥವಾ ಸಡಿಲ ಜಲ್ಲಿಯ ಮೇಲೆ 100 ಕೆಜಿ ದಾಟಿದರೂ ಆಶ್ಚರ್ಯವಿಲ್ಲ. ಮಟ್ಟಸವಾದ ಡಾಂಬರಿನಲ್ಲಿ ಗಟ್ಟಿ ಆಳು ಒಬ್ಬನೇ ಗಾಡಿ ತಳ್ಳಬಲ್ಲ, ಅದೇ ಗಾಡಿ 3% ಏರಿನ ಒದ್ದೆ ಹುಲ್ಲಿನಲ್ಲಿ ನಾಲ್ವರಿಗೂ ಜಗ್ಗುವುದಿಲ್ಲ ಎನ್ನುವುದರ ಕಾರಣ ಈ ಲೆಕ್ಕದಲ್ಲೇ ಇದೆ. ತಯಾರಕರ ಪಟ್ಟಿಯಲ್ಲಿ 25% ಏರು ಎಂದು ಕಂಡರೆ ಪಕ್ಕದಲ್ಲಿ ಎಷ್ಟು ತೂಕಕ್ಕೆ ಎಂದು ಬರೆದಿದೆಯೋ ನೋಡಿ. ಆ ಅಂಕಿ ಸಾಮಾನ್ಯವಾಗಿ 1000–1200 ಕೆಜಿಯ ಹಗುರ ಗಾಡಿಯದು. ಅದೇ ಮೋಟಾರಿಗೆ 1800 ಕೆಜಿ ಹೊರಿಸಿದರೆ ಸುಮಾರು 15%ಕ್ಕೆ ಇಳಿಯುತ್ತದೆ. ನಿಮ್ಮ ಗಾಡಿಯ ತುಂಬಿದ ತೂಕಕ್ಕೆ ಹೇಳಿದ ಅಂಕಿ, ನೀವು ಅಳೆದ ಕಡಿದಾದ ತುಂಡಿಗಿಂತ ಕನಿಷ್ಠ ಮೂರನೇ ಒಂದರಷ್ಟು ಹೆಚ್ಚಿರಲಿ.

ಎರಡು ಮೂರು ಸೆಂಟಿಮೀಟರಿನ ಮೆಟ್ಟಿಲು, ಚರಂಡಿಯ ಅಂಚು, ಏರಿಗಿಂತ ದೊಡ್ಡ ಅಡ್ಡಿ. ನಿಂತ ಗಾಲಿಯನ್ನು ಅದರ ಮೇಲೆ ಹತ್ತಿಸಲು ಹೋದರೆ ರೋಲರು ಟೈರಿನ ಮೇಲೆ ಜಾರುತ್ತದೆ. ಅಲ್ಲಿ ಮರದ ಅಥವಾ ರಬ್ಬರಿನ ಇಳಿಜಾರು ತುಂಡು ಇಡಲೇಬೇಕು. ಜಲ್ಲಿಯಲ್ಲಿ ಜಾಕಿ ಚಕ್ರ, ಅಂದರೆ ಗಾಡಿಯ ಮೂತಿಯನ್ನು ಹೊರುವ ಪುಟ್ಟ ಗಾಲಿ, ಹೂತುಹೋಗುತ್ತದೆ. ಗಾಳಿ ತುಂಬಿದ ದಪ್ಪ ಜಾಕಿ ಚಕ್ರ, ಇಲ್ಲವೇ ಅಡಿಗೆ ಎರಡು ಹಲಗೆ, ಇದಕ್ಕೆ ಪರಿಹಾರ.

ಎರಡನೆಯದು ತೂಕ. ಜನ ಇದನ್ನೇ ಮರೆಯುತ್ತಾರೆ, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದೂ ಇದೇ. ಬ್ರಿಟನ್ನಿನ ಕ್ಯಾರವಾನಿಗೆ ಎರಡು ಅಂಕಿಗಳಿರುತ್ತವೆ: ಕಾರ್ಖಾನೆಯಿಂದ ಹೊರಬಂದಾಗಿನ ತೂಕ, ಅಂದರೆ ಎಂಐಆರ್‌ಒ, ತುಂಬಿದಾಗ ಮೀರಬಾರದ ಗರಿಷ್ಠ ತೂಕ, ಅಂದರೆ ಎಂಟಿಪಿಎಲ್‌ಎಂ. ಎರಡರ ನಡುವಿನ ಅಂತರವೇ ನಮ್ಮ ಸಾಮಾನಿಗೆ ಸಿಗುವ ಜಾಗ. ಒಂದು ಅಚ್ಚಿನ, ಅಂದರೆ ಎರಡು ಗಾಲಿಯ, ಗಾಡಿಗೆ ಅದು ಸಾಮಾನ್ಯವಾಗಿ 150 ಕೆಜಿ ಆಸುಪಾಸು. ಒಂದೇ ಅಚ್ಚಿನ ಮೂವರ್ 30–35 ಕೆಜಿ ತಿನ್ನುತ್ತದೆ, 110 ಆಂಪಿಯರ್-ಅವರ್ ಬ್ಯಾಟರಿ 25 ಕೆಜಿ ಹತ್ತಿರ. ಬ್ಯಾಟರಿಯನ್ನು ಎಂಐಆರ್‌ಒದಲ್ಲಿ ಸೇರಿಸಿದ್ದಾರೋ ಇಲ್ಲವೋ ಕೈಪಿಡಿಯಲ್ಲಿ ನೋಡಬೇಕು. ಸೇರಿಸದಿದ್ದರೆ 150ರಲ್ಲಿ ಉಳಿಯುವುದು 90. ಆವ್ನಿಂಗ್ ಡೇರೆ, ಗ್ಯಾಸ್, ಕರೆಂಟಿನ ಉದ್ದ ವೈರು, ಕುರ್ಚಿ ಮೇಜು ಇಟ್ಟ ಮೇಲೆ ಬಟ್ಟೆಗೂ ಪಾತ್ರೆಗೂ ಏನು ಮಿಕ್ಕುತ್ತದೆ? ಅಕ್ಕಿ ಮೂಟೆ, ಕುಕ್ಕರ್, ಮಸಾಲೆ ಡಬ್ಬಿಗಳ ಸಮೇತ ಹೊರಡುವ ನಮ್ಮವರಿಗೆ ಈ ಲೆಕ್ಕ ಇನ್ನೂ ಬಿಗಿ.

2021ರ ಡಿಸೆಂಬರ್ 16ರಿಂದ ಬ್ರಿಟನ್ನಿನ ಸಾಮಾನ್ಯ ಕಾರು ಲೈಸೆನ್ಸಿನಲ್ಲೇ 3500 ಕೆಜಿವರೆಗಿನ ಟ್ರೇಲರ್ ಎಳೆಯಬಹುದು. ಹಾಗೆಂದು ಗಾಡಿಯ ತಗಡಿನ ಮೇಲೆ ಅಚ್ಚಾದ ಮಿತಿ ಸಡಿಲವಾಗಿಲ್ಲ. ಮೀರಿದರೆ ಅಪರಾಧ, ಟೈರು ಸಿಡಿಯುವ ಅಪಾಯ ಬೇರೆ. ಆದ್ದರಿಂದ ಪ್ರವಾಸಕ್ಕೆ ಪೂರ್ತಿ ತುಂಬಿದ ಗಾಡಿಯನ್ನು ಸಾರ್ವಜನಿಕ ತೂಕಸೇತುವೆಗೆ ಒಯ್ದು ತೂಗಿಸಿ, ಉಳಿದ ಅಂತರ 40 ಕೆಜಿಗಿಂತ ಹೆಚ್ಚಿದೆ ಎಂದು ಖಾತ್ರಿಯಾದ ಮೇಲಷ್ಟೇ ನಾನು ಮುಂದುವರಿದದ್ದು. ಅಂತರ ಸಾಲದಿದ್ದರೆ ಕೆಲವು ಮಾದರಿಗಳಿಗೆ ತಯಾರಕರೇ ಹೆಚ್ಚಿನ ಎಂಟಿಪಿಎಲ್‌ಎಂ ಇರುವ ಹೊಸ ತಗಡು ಕೊಡುತ್ತಾರೆ. ಆಗ ಕಾರಿನ ಎಳೆಯುವ ಮಿತಿಯನ್ನೂ ಹೊಸದಾಗಿ ಹೋಲಿಸಿ ನೋಡಬೇಕು.

ಬ್ಯಾಟರಿ ವಿಷಯದಲ್ಲಿ ಗೊಂದಲ ಹೆಚ್ಚು. ಮಟ್ಟಸ ನೆಲದಲ್ಲಿ ಮೂವರ್ 25–40 ಆಂಪಿಯರ್ ಎಳೆದರೆ ಏರಿನಲ್ಲಿ 100 ದಾಟುತ್ತದೆ. 40 ಆಂಪಿಯರಿನಂತೆ ಹತ್ತು ನಿಮಿಷ ಓಡಿಸಿದರೂ ಖರ್ಚಾಗುವುದು 7 ಆಂಪಿಯರ್-ಅವರ್ ಮಾತ್ರ. ಅಂದರೆ ಸಮಸ್ಯೆ ಸಂಗ್ರಹದ್ದಲ್ಲ, ಒಮ್ಮೆಲೇ ಕೊಡುವ ಶಕ್ತಿಯದು. ಹಳೆಯ ಬ್ಯಾಟರಿ ಸುಮ್ಮನಿದ್ದಾಗ 12.7 ವೋಲ್ಟ್ ತೋರಿಸಿ, ಮೋಟಾರು ಎಳೆದ ಕೂಡಲೇ 10ರ ಹತ್ತಿರಕ್ಕೆ ಕುಸಿಯುತ್ತದೆ. ನಿಯಂತ್ರಣ ಪೆಟ್ಟಿಗೆ ತಕ್ಷಣ ಕೆಲಸ ನಿಲ್ಲಿಸುತ್ತದೆ, ಅದೂ ಗಾಡಿ ರಸ್ತೆಗೆ ಅಡ್ಡ ನಿಂತಾಗ. ವೋಲ್ಟ್ ಮೀಟರಿನ ಕಡ್ಡಿಗಳನ್ನು ಬ್ಯಾಟರಿಗೇ ಹಿಡಿದು, ಗಾಡಿ ಏರು ಹತ್ತುವಾಗ ಅಳೆದ ವೋಲ್ಟೇಜೇ ನಿಜವಾದ ಪರೀಕ್ಷೆ. ಬ್ರಿಟನ್ನಿನ ನ್ಯಾಷನಲ್ ಕ್ಯಾರವಾನ್ ಕೌನ್ಸಿಲ್ ಲೀಷರ್ ಬ್ಯಾಟರಿಗಳನ್ನು, ಅಂದರೆ ಗಾಡಿಯೊಳಗಿನ ಬಳಕೆಯ ಬ್ಯಾಟರಿಗಳನ್ನು, ಎ, ಬಿ, ಸಿ ಎಂದು ವಿಂಗಡಿಸಿದೆ. ಮೂವರ್ ಇರುವವರಿಗೆ ಹೇಳಿದ್ದು ಬಿ. ಲಿಥಿಯಂ ಹಾಕುವವರು ಅದರೊಳಗಿನ ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಸರ್ಕೀಟು, ಎಷ್ಟು ಆಂಪಿಯರ್ ಬಿಡುತ್ತದೆ ಎಂದು ಕೇಳಲೇಬೇಕು. 100 ಆಂಪಿಯರಿಗೆ ಕಡಿಯುವಂಥದ್ದು ಮೊದಲ ಏರಿನಲ್ಲೇ ಆರಿಹೋಗುತ್ತದೆ.

ಬೇಡ ಎನ್ನಬೇಕಾದ ಸಂದರ್ಭಗಳೂ ಇವೆ. ವರ್ಷವಿಡೀ ಗಾಡಿ ಒಂದೇ ಕ್ಯಾಂಪಿನಲ್ಲಿ ನಿಂತಿರುತ್ತದೆ, ಅಥವಾ ನೇರವಾಗಿ ಹಿಂದಕ್ಕೆ ಬಿಡಬಲ್ಲ ಸ್ಟೋರೇಜ್ ಜಾಗದಲ್ಲಿರುತ್ತದೆ ಎಂದಾದರೆ ಸಾವಿರ ಪೌಂಡಿನ ಖರ್ಚೂ 35 ಕೆಜಿಯೂ ವ್ಯರ್ಥ. ಎರಡು ಅಚ್ಚಿನ ಗಾಡಿಗೆ ಎರಡು ಮೋಟಾರು ಹಾಕಿ ಬಿಗಿಯಾದ ಜಾಗದಲ್ಲಿ ತಿರುಗಿಸುವುದು ಕಷ್ಟ. ನಾಲ್ಕು ಹಾಕಿದರೆ ತೂಕ ಇಮ್ಮಡಿ.

ಜೋಡಿಸುವಾಗ ಮೊದಲ ಕೆಲಸ ಚಾಸಿ ಪರೀಕ್ಷೆ. ಇಲ್ಲಿನ ಗಾಡಿಗಳಲ್ಲಿ ಹೆಚ್ಚಾಗಿ ಅಲ್ಕೊ ಕಂಪನಿಯ ಚಾಸಿ, ಕೆಲವಕ್ಕೆ ಬಿಪಿಡಬ್ಲ್ಯೂ ಕಂಪನಿಯದು. ಚಾಸಿಗೆ ತೂತು ಕೊರೆಯಕೂಡದು, ಕ್ಲಾಂಪಿನಲ್ಲೇ ಹಿಡಿಸಬೇಕು. ತೆಳು ತಗಡಿನ ಹಗುರ ಚಾಸಿಗೆ ಬಲಪಡಿಸುವ ಪಟ್ಟಿ ಬೇಕಾಗುತ್ತದೆ, ಆದ್ದರಿಂದ ತಗಡಿನ ದಪ್ಪವನ್ನು ಕ್ಯಾಲಿಪರಿನಲ್ಲಿ ಅಳೆದೇ ಆರ್ಡರ್ ಮಾಡಿ. ಮೋಟಾರು ಅಚ್ಚಿನ ಹಿಂದೋ ಮುಂದೋ ಎಂಬುದನ್ನು ಶಾಕ್ ಅಬ್ಸಾರ್ಬರ್, ಸ್ಟೆಪ್ನಿಯ ಕಂಬಿ, ಕೊಳಕು ನೀರಿನ ಪೈಪು ನಿರ್ಧರಿಸುತ್ತವೆ. ಗಾಡಿ ಎತ್ತಿದಾಗ ಆಕ್ಸಲ್ ಸ್ಟ್ಯಾಂಡ್ ಇಲ್ಲದೆ ಅಡಿಗೆ ಹೋಗಬೇಡಿ.

ರೋಲರಿಗೂ ಟೈರಿಗೂ ನಡುವಿನ ಸಂದು, ಬಿಡಿಸಿದ ಸ್ಥಿತಿಯಲ್ಲಿ, ಸಾಮಾನ್ಯವಾಗಿ 20 ಮಿಮೀ. ನಿಮ್ಮ ಮಾದರಿಯ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ಅಳೆಯುವಾಗ ಗಾಲಿ ನೆಲದ ಮೇಲೆ ಭಾರ ಹೊತ್ತು ನಿಂತಿರಬೇಕು, ಗಾಳಿ ಸರಿಯಾದ ಒತ್ತಡದಲ್ಲಿರಬೇಕು. ಎತ್ತಿದ ಗಾಲಿಯಲ್ಲಿ ಅಳೆದ ಸಂದು ಇಳಿಸಿದ ಮೇಲೆ ಬದಲಾಗಿರುತ್ತದೆ. ಎರಡೂ ಬದಿ ಒಂದೇ ಅಳತೆ ಬರದಿದ್ದರೆ ಒಂದು ರೋಲರು ಬಿಗಿಯಾಗಿ ಒತ್ತಿ ಇನ್ನೊಂದು ಜಾರುತ್ತದೆ, ಗಾಡಿ ಸೊಟ್ಟಗೆ ಹೋಗುತ್ತದೆ. ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಕೈಪಿಡಿ ಹೇಳಿದಷ್ಟೇ ಬಿಗಿಯಬೇಕು.

ನಿಯಂತ್ರಣ ಪೆಟ್ಟಿಗೆ ಬ್ಯಾಟರಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು, ದಪ್ಪ ವೈರಿನಲ್ಲೂ ಉದ್ದ ಹೆಚ್ಚಿದಷ್ಟು ವೋಲ್ಟೇಜ್ ಸೋರುತ್ತದೆ. ಫ್ಯೂಸು ಬ್ಯಾಟರಿಯ ಪಕ್ಕದಲ್ಲಿ, ಕೈಗೆ ಸುಲಭವಾಗಿ ಎಟುಕುವ ಕಡೆ ಬ್ಯಾಟರಿಯ ಸಂಪರ್ಕ ಕಡಿಯುವ ಐಸೊಲೇಟರ್ ಸ್ವಿಚ್ಚು. ಗಾಡಿಯ ನೆಲಕ್ಕೆ ಕೊರೆದ ತೂತಿಗೆ ಸೀಲೆಂಟ್ ತುಂಬದೆ ಬಿಟ್ಟರೆ ಪ್ಲೈವುಡ್ ನೀರು ಕುಡಿದು ಕೊಳೆಯುತ್ತದೆ. ಮೊದಲ ಪರೀಕ್ಷೆ ರೋಲರುಗಳನ್ನು ಟೈರಿಗೆ ತಾಗಿಸದೆ ಆಗಲಿ. ಮುಂದೆ ಎಂದು ಒತ್ತಿದಾಗ ಒಂದು ಹಿಂದಕ್ಕೆ ತಿರುಗಿದರೆ ಆ ಮೋಟಾರಿನ ಎರಡು ವೈರು ಅದಲುಬದಲಾಗಿವೆ. ಎಲ್ಲ ಮುಗಿದ ಮೇಲೆ ಮೂತಿಯ ಭಾರವನ್ನು, ಅಂದರೆ ಗಾಡಿ ಕಾರಿನ ಕೊಂಡಿಯ ಮೇಲೆ ಹೇರುವ ಭಾರವನ್ನು, ಮತ್ತೆ ತೂಗಿ. ತುಂಬಿದ ತೂಕದ 5–7% ಬರಬೇಕು, ಕೊಂಡಿಯ ಮತ್ತು ಕಾರಿನ ಮಿತಿ ದಾಟಬಾರದು. ವಾರಂಟಿ ಉಳಿದಿರುವ ಗಾಡಿಯಾದರೆ ಅಪ್ರೂವ್ಡ್ ವರ್ಕ್‌ಶಾಪ್ ಸ್ಕೀಮ್ ಎಂಬ ಮಾನ್ಯತೆ ಇರುವ ಕಾರ್ಯಾಗಾರದವರಿಂದಲೇ ಮಾಡಿಸುವುದು ಲೇಸು.

ಬಳಸುವ ಕ್ರಮ ತಪ್ಪಬಾರದು. ಮೂಲೆಯ ಕಾಲುಗಳು ಮೇಲೆ, ಜಾಕಿ ಚಕ್ರ ಕೆಳಗೆ, ಕಾರಿನ ಪ್ಲಗ್ಗು ಬಿಚ್ಚಿ, ಹ್ಯಾಂಡ್‌ಬ್ರೇಕ್ ಹಾಕಿರುವಾಗಲೇ ರೋಲರು ಒತ್ತಿಸಿ, ಆಮೇಲೆ ಬ್ರೇಕ್ ಬಿಡಿ. ನಿಲ್ಲಿಸಿದ ಮೇಲೆ ಇದರ ತಿರುವುಮುರುವು: ಮೊದಲು ಬ್ರೇಕ್, ಆಮೇಲೆ ರೋಲರು. ಬ್ರೇಕ್ ಹಾಕದೆ ರೋಲರು ಬಿಡಿಸಿದರೆ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದಿಡುವುದು ಏನೂ ಉಳಿಯುವುದಿಲ್ಲ. ಇನ್ನೊಂದು ಸೂಕ್ಷ್ಮ: ಈ ಗಾಡಿಗಳ ಬ್ರೇಕು ಹಿಂದಕ್ಕೆ ಉರುಳುವಾಗ ತಾನೇ ಸಡಿಲವಾಗುವ ಬಗೆಯದು. ಮೂತಿ ಏರಿನ ಕಡೆಗಿದ್ದರೆ ಹ್ಯಾಂಡ್‌ಬ್ರೇಕ್ ಹಾಕಿದ ಮೇಲೂ ಗಾಡಿ ಸುಮಾರು 25 ಸೆಂಮೀ ಹಿಂದೆ ಸರಿದೇ ಕಚ್ಚುತ್ತದೆ. ಗಾಲಿಗೆ ಅಡ್ಡ ಕೊಡದೆ ಬ್ರೇಕನ್ನಷ್ಟೇ ನಂಬಬೇಡಿ, ಗಾಡಿಯ ಕೆಳಬದಿಯಲ್ಲಿ ಯಾರೂ ನಿಲ್ಲಬಾರದು, ಮಕ್ಕಳಂತೂ ಖಂಡಿತ ಬೇಡ.

ರೋಲರು ಒತ್ತಿದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಟೈರಿನಲ್ಲಿ ತಗ್ಗು ಬೀಳುತ್ತದೆ. ಒತ್ತಿದ ಸ್ಥಿತಿಯಲ್ಲೇ ಕಾರಿಗೆ ಕಟ್ಟಿ ಎಳೆದರೆ ಟೈರೂ ಗೇರೂ ಎರಡೂ ಹೋಗುತ್ತವೆ. ಗಾಡಿ ನಿಂತಿರುವಾಗ ಐಸೊಲೇಟರ್ ಆರಿಸಿ, ಇಲ್ಲದಿದ್ದರೆ ಪೆಟ್ಟಿಗೆ ಸದ್ದಿಲ್ಲದೆ ಬ್ಯಾಟರಿ ಹೀರುತ್ತಿರುತ್ತದೆ. ಮೊದಲ ಪ್ರಯಾಣದ ನಂತರ ಕ್ಲಾಂಪಿನ ಬೋಲ್ಟುಗಳಿಗೆ ಮತ್ತೊಮ್ಮೆ ರೆಂಚು ಹಿಡಿಯಿರಿ, ಟೈರು ಬದಲಿಸಿದಾಗಲೆಲ್ಲ ಸಂದು ಅಳೆಯಿರಿ. ಗಾಡಿ ಮಾರುವಾಗ ಮೂವರ್ ಯಂತ್ರವನ್ನು ಬಿಚ್ಚಿಕೊಂಡು ಮುಂದಿನ ಗಾಡಿಗೆ ಹಾಕಬಹುದು. ಆ ಗಾಡಿಯ ಚಾಸಿಗೆ ಅದೇ ಕ್ಲಾಂಪು ಹೊಂದುತ್ತದೆಯೇ, ಅದರ ತೂಕ ಮೋಟಾರಿನ ಮಿತಿಯೊಳಗಿದೆಯೇ ಎಂದು ನೋಡಿದರೆ ಸಾಕು.