ಸ್ಲೈಡ್‌ನ ಶೀರ್ಷಿಕೆಯಲ್ಲೇ ವಿಷಯ ಹೇಳಿಬಿಡಿ

ಸ್ಲೈಡ್ ತಿದ್ದಿಸಿಕೊಳ್ಳಲು ಬರುವ ಸಹೋದ್ಯೋಗಿಗಳಿಗೆ ನಾನು ಮೊದಲು ಹೇಳುವುದು, ಲ್ಯಾಪ್‌ಟಾಪ್ ಮುಚ್ಚಿ ಎಂದು. ಟೆಂಪ್ಲೇಟ್ ಹುಡುಕುವ ಕೆಲಸ ಆಮೇಲಿನದು. ಕೇಳಲು ಬಂದವರು ಯಾವ ಮಾತನ್ನು ನೆನಪಿಟ್ಟುಕೊಂಡು ಎದ್ದು ಹೋಗಬೇಕು? ಅದನ್ನು ಹಾಳೆಯ ಮೇಲೆ ಒಂದೇ ವಾಕ್ಯದಲ್ಲಿ ಬರೆಯಿರಿ. ಆ ವಾಕ್ಯ ಹೊಳೆಯುವ ತನಕ ಸ್ಲೈಡ್‌ಗೆ ಕೈ ಹಾಕಬೇಡಿ.

ಒಂದು ಉದಾಹರಣೆ ನೋಡೋಣ. ಶೀರ್ಷಿಕೆ: ‘ಗ್ರಾಹಕರ ದೂರುಗಳು: ವಿಶ್ಲೇಷಣೆ’. ಕೆಳಗೆ ಏಳು ಅಂಶಗಳು, ಮೂಲೆಯಲ್ಲಿ ಎಂಟು ಬಣ್ಣಗಳ ತ್ರೀಡಿ ಪೈ ಚಾರ್ಟ್. ಇಂಥ ಸ್ಲೈಡ್ ಪರದೆಗೆ ಬಂದೊಡನೆ ಜನ ಓದತೊಡಗುತ್ತಾರೆ. ಓದುತ್ತಿರುವವರ ಕಿವಿಗೆ ನಿಮ್ಮ ಮಾತು ಬೀಳುವುದಿಲ್ಲ.

ಶೀರ್ಷಿಕೆಯನ್ನು ಹೀಗೆ ಬದಲಿಸಿ: ‘ಅರ್ಧದಷ್ಟು ದೂರುಗಳಿಗೆ ವಿಳಂಬವೇ ಕಾರಣ’. ಈಗ ಅದು ಪೂರ್ತಿ ವಾಕ್ಯ, ಒಪ್ಪಬಹುದು, ಪ್ರಶ್ನಿಸಬಹುದು. ಪೈ ಚಾರ್ಟ್ ತೆಗೆದು ಅಡ್ಡ ಬಾರ್ ಚಾರ್ಟ್ ಹಾಕಿ. ತ್ರೀಡಿ ಪೈಯಲ್ಲಿ ನೋಡುವವರ ಕಡೆಗಿರುವ ಹೋಳು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಅದು ಸುಳ್ಳು ಹೇಳಿದಂತೆ. ಬಾರ್‌ಗಳನ್ನು ಉದ್ದದಿಂದ ಗಿಡ್ಡಕ್ಕೆ ಜೋಡಿಸಿ, ವಿಳಂಬದ ಬಾರ್‌ಗೆ ಮಾತ್ರ ಗಾಢ ಬಣ್ಣ ಕೊಡಿ, ಉಳಿದವು ಬೂದು ಇರಲಿ. ಸಂಖ್ಯೆಯನ್ನು ಬಾರ್‌ನ ತುದಿಯಲ್ಲೇ ಬರೆದರೆ ಚಾರ್ಟ್ ಹಿನ್ನೆಲೆಯ ಅಳತೆ ಗೆರೆಗಳೂ ಬಣ್ಣಗಳ ವಿವರಣೆಯೂ ಬೇಕಾಗುವುದಿಲ್ಲ. ಆ ಏಳು ಅಂಶಗಳು ಸ್ಲೈಡ್‌ನ ಕೆಳಗಿರುವ ನೋಟ್ಸ್ ಜಾಗಕ್ಕೆ ಹೋಗಲಿ. ಪ್ರೆಸೆಂಟರ್ ವ್ಯೂನಲ್ಲಿ, ಅಂದರೆ ನಿಮ್ಮ ಲ್ಯಾಪ್‌ಟಾಪ್ ಪರದೆಯಲ್ಲಿ, ನಿಮಗಷ್ಟೇ ಕಾಣುತ್ತವೆ.

ಶೀರ್ಷಿಕೆಗೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. 2003ರ ಫೆಬ್ರವರಿ 1ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಭೂಮಿಗೆ ಮರಳುವಾಗ ಛಿದ್ರಗೊಂಡು ಏಳು ಗಗನಯಾತ್ರಿಗಳು ಪ್ರಾಣ ಕಳೆದುಕೊಂಡರು. ನೌಕೆ ಕಕ್ಷೆಯಲ್ಲಿದ್ದಾಗ ಎಂಜಿನಿಯರುಗಳು ತೋರಿಸಿದ್ದ ಒಂದು ಸ್ಲೈಡನ್ನು ತನಿಖಾ ಮಂಡಳಿಯ ವರದಿ ಎತ್ತಿ ತೋರಿಸಿತು. ಉಡಾವಣೆಯ ವೇಳೆ ಇಂಧನ ಟ್ಯಾಂಕಿನಿಂದ ಕಳಚಿ ನೌಕೆಯ ರೆಕ್ಕೆಗೆ ಬಡಿದ ಫೋಮ್ ತುಂಡು ಹಿಂದಿನ ಪರೀಕ್ಷೆಗಳಲ್ಲಿ ಬಳಸಿದ್ದಕ್ಕಿಂತ ನೂರಾರು ಪಟ್ಟು ದೊಡ್ಡದೆಂಬ ಸಂಗತಿ ಅದರ ತಳದಲ್ಲಿ, ಉಪಾಂಶಗಳ ನಡುವೆ ಹುದುಗಿತ್ತು. ಶೀರ್ಷಿಕೆ ಮಾತ್ರ ಧೈರ್ಯ ಹೇಳುವಂತಿತ್ತು. ನಮ್ಮ ಸಭೆಗಳಲ್ಲಿ ಜೀವ ಹೋಗುವ ಪ್ರಸಂಗ ಬರಲಿಕ್ಕಿಲ್ಲ, ಆದರೂ ಮುಖ್ಯ ಮಾತನ್ನು ತಳದಲ್ಲಿ ಬಚ್ಚಿಡುವ ಅಭ್ಯಾಸ ಅದೇ.

ತಂತ್ರಾಂಶ ಯಾವುದಾದರೂ ನಡೆಯುತ್ತದೆ. ನಾಲ್ಕು ಜನ ಕೂಡಿ ತಿದ್ದುವುದಿದ್ದರೆ ಗೂಗಲ್ ಸ್ಲೈಡ್ಸ್ ಅನುಕೂಲ. ದುಡ್ಡು ಕೊಡದೆ ಸ್ವಂತ ಕಂಪ್ಯೂಟರಿನಲ್ಲೇ ಮಾಡಬೇಕಿದ್ದರೆ ಲಿಬ್ರೆಆಫೀಸ್ ಇಂಪ್ರೆಸ್ ಇದೆ. 1987ರಿಂದ ಇರುವ ಪವರ್‌ಪಾಯಿಂಟ್ ಹೆಚ್ಚಿನವರ ಕೈಗೆ ಒಗ್ಗಿದೆ. ಅದರಲ್ಲಾದರೆ ವ್ಯೂ ಮೆನುವಿನ ಸ್ಲೈಡ್ ಮಾಸ್ಟರ್ ತೆರೆದು ಅಕ್ಷರದ ಗಾತ್ರ, ಬಣ್ಣಗಳನ್ನು ಒಮ್ಮೆ ಗೊತ್ತು ಮಾಡಿ. ಪ್ರತಿ ಸ್ಲೈಡನ್ನೂ ಬೇರೆ ಬೇರೆ ತಿದ್ದುವ ಕಷ್ಟ ತಪ್ಪುತ್ತದೆ. ಅನಿಮೇಷನ್‌ನಲ್ಲಿ ‘ಅಪಿಯರ್’ ಒಂದು ಸಾಕು, ಅದೂ ಬಾರ್‌ಗಳನ್ನು ಒಂದೊಂದಾಗಿ ತೋರಿಸುತ್ತಾ ವಿವರಿಸುವಾಗ.

ನನಗೆ ಬಲು ಪ್ರಿಯವಾದ ಕೀಲಿ ‘ಬಿ’. ಸ್ಲೈಡ್ ಷೋ ನಡೆಯುವಾಗ ಅದನ್ನು ಒತ್ತಿದರೆ ಪರದೆ ಕಪ್ಪಾಗುತ್ತದೆ, ಎಲ್ಲರ ಕಣ್ಣು ನಿಮ್ಮತ್ತ ತಿರುಗುತ್ತದೆ. ಯಾರಾದರೂ ಗಂಭೀರ ಪ್ರಶ್ನೆ ಕೇಳಿದಾಗ ಹೀಗೆ ಮಾಡಿ, ಅವರ ಮುಖ ನೋಡಿ ಉತ್ತರಿಸಿ, ಮತ್ತೆ ‘ಬಿ’ ಒತ್ತಿ ಮುಂದುವರಿಯಿರಿ. ಹಿಂದಿನ ಸ್ಲೈಡ್ ಬೇಕಾದರೆ ಅದರ ಸಂಖ್ಯೆ ಒತ್ತಿ ಎಂಟರ್ ಕೊಟ್ಟರಾಯಿತು. ಎಲ್ಲರೆದುರು ಸ್ಲೈಡ್‌ಗಳನ್ನು ಸರಸರನೆ ಹಿಂದಕ್ಕೆ ಓಡಿಸಬೇಕಿಲ್ಲ.

ಹಿಂದಿನ ದಿನವೇ ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತು ಪರದೆ ನೋಡಿ. ಓದಲು ಕಣ್ಣು ಕಿರಿದಾಗಿಸಬೇಕಾಗಿ ಬಂದರೆ ಅಕ್ಷರ ಹಿಗ್ಗಿಸುವ ಮೊದಲು ಪದ ಕಡಿಮೆ ಮಾಡಿ. ಜಾಗ ತಾನಾಗಿ ಸಿಗುತ್ತದೆ. ಬೇರೆಯವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದೆ ಅಕ್ಷರಗಳು ಅಸ್ತವ್ಯಸ್ತವಾಗಬಹುದು, ಹಾಗಾಗಿ ಒಂದು ಪಿಡಿಎಫ್ ಪ್ರತಿಯೂ ಪೆನ್‌ಡ್ರೈವ್‌ನಲ್ಲಿರಲಿ. ಅದರಲ್ಲಿ ಅನಿಮೇಷನ್ ಓಡುವುದಿಲ್ಲ, ವಿಡಿಯೊ ಇದ್ದರೆ ಅದರ ಕಡತವನ್ನು ಪಕ್ಕದಲ್ಲೇ ಬೇರೆಯಾಗಿ ಉಳಿಸಿಕೊಳ್ಳಿ.